ಡೀಸೆಲ್ ಎಂಜಿನ್ನಿನ ಒಳಕೋಣೆ

ಹಳೆಯ ಟೆಂಪೊ ಟ್ರ್ಯಾಕ್ಸ್ ಗಾಡಿ ಓಡಿಸಿದವರನ್ನು ಮಾತಿಗೆಳೆದರೆ ಒಂದು ಮಾತು ಬಂದೇ ಬರುತ್ತದೆ: "ಆ ಬೆನ್ಝ್ ಎಂಜಿನ್ನಿಗೆ ಸಾವೇ ಇಲ್ಲ ಸ್ವಾಮಿ." ಹಿಂದೆಯೇ ಇನ್ನೊಂದು: "ಈಗಿನ ಕಾಮನ್ ರೇಲ್ ಗಾಡಿಗೆ ಒಂದು ಸಲ ನೀರು ಸೇರಿದ ಡೀಸೆಲ್ ಬಿದ್ದರೆ ಮುಗೀತು." ಎರಡರಲ್ಲೂ ಸತ್ಯವಿದೆ. ಅದು ಎಷ್ಟರ ಮಟ್ಟಿಗೆ ಎಂದು ತಿಳಿಯಲು ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿಗೆ ಇಂಧನದ ಎಣ್ಣೆಯನ್ನು ಸಿಲಿಂಡರಿಗೆ ಊದಲು ಗಾಳಿಯ ಕಂಪ್ರೆಸರ್ ಬೇಕಿತ್ತು. ಕಾರ್ಖಾನೆಗೆ, ಹಡಗಿಗೆ ಅದು ಸರಿ. ಗಾಡಿಗೆ ಹೊರಲಾರದ ಭಾರ. ಆ ಭಾರ ಇಳಿಸುವ ದಾರಿಯೊಂದನ್ನು 1909ರಲ್ಲಿ ಮಾನ್‌ಹೈಮ್‌ನ ಬೆನ್ಝ್ ಕಂಪನಿಯ ಪ್ರಾಸ್ಪರ್ ಲೊರಾಂಜ್ ಕಂಡುಕೊಂಡರು. ಸಿಲಿಂಡರಿನ ನೆತ್ತಿಯಲ್ಲಿ ಪುಟ್ಟದೊಂದು ಕೋಣೆ. ಎಣ್ಣೆ ಬೀಳುವುದು ಅದರೊಳಗೆ. ಅಲ್ಲಿ ಹೊತ್ತಿಕೊಂಡ ಬೆಂಕಿ ಕಿರಿದಾದ ಕಂಡಿಗಳಿಂದ ಹೊರಗೆ ನುಗ್ಗಿ, ಪಿಸ್ಟನ್ನಿನ ಮೇಲೆ ಹರಡಿ ಪೂರ್ತಿ ಉರಿಯುತ್ತದೆ. ಎಣ್ಣೆಯನ್ನೂ ಗಾಳಿಯನ್ನೂ ಬೆರೆಸುವ ಕೆಲಸವನ್ನು ಆ ನುಗ್ಗಾಟವೇ ಮಾಡಿಬಿಡುತ್ತದೆ. ಇದು ಇನ್‌ಡೈರೆಕ್ಟ್ ಇಂಜೆಕ್ಷನ್.

1924ರಲ್ಲಿ ಮಾನ್ ಕಂಪನಿ ಆ ಕೋಣೆಯ ಗೊಡವೆಯೇ ಇಲ್ಲದೆ, ನೇರವಾಗಿ ಸಿಲಿಂಡರಿಗೇ ಎಣ್ಣೆ ಹಾಯಿಸುವ ಲಾರಿಯನ್ನು ತಂದಿತು. ಆದ್ದರಿಂದ ಒಂದು ಹಳೆಯದು, ಇನ್ನೊಂದು ಹೊಸದು ಎಂಬ ನಂಬಿಕೆ ಸರಿಯಲ್ಲ. ರಸ್ತೆಗೆ ಎರಡೂ ಹೆಚ್ಚುಕಡಿಮೆ ಜೊತೆಯಲ್ಲೇ ಇಳಿದವು. 1927ರಲ್ಲಿ ಎಣ್ಣೆಯನ್ನು ಒತ್ತಡದಿಂದ ಹಾಯಿಸುವ ಬಾಷ್ ಪಂಪು ಸಾಲುಸಾಲಾಗಿ ತಯಾರಾಗತೊಡಗಿತು. 1936ರ ಮರ್ಸಿಡಿಸ್ 260 ಡಿ ಕಾರು ಒಳಕೋಣೆಯ ಎಂಜಿನ್ನನ್ನು ಟ್ಯಾಕ್ಸಿಯವರ ಕೈಗಿತ್ತಿತು.

ಟ್ರ್ಯಾಕ್ಸಿನಲ್ಲೂ ಇದ್ದ ಈ ಒಳಕೋಣೆಯ ಎಂಜಿನ್ನಿಗೆ ಗಟ್ಟಿತನದ ಹೆಸರು ಸುಮ್ಮನೆ ಬಂದದ್ದಲ್ಲ. ಬೆಂಕಿ ಎರಡು ಹಂತದಲ್ಲಿ ಹರಡುವುದರಿಂದ ಪಿಸ್ಟನ್ನಿನ ಮೇಲೆ ಒತ್ತಡ ಮೆಲ್ಲಗೆ ಏರುತ್ತದೆ, ಬೇರಿಂಗುಗಳಿಗೆ ಪೆಟ್ಟು ಕಡಿಮೆ. ಎಣ್ಣೆ ಚಿಮ್ಮಿಸುವ ನಾಝಲ್ ಸುಮಾರು 120 ಬಾರ್ ಒತ್ತಡಕ್ಕೇ ತೆರೆಯುತ್ತದೆ. ಅದಕ್ಕಿರುವುದು ಒಂದೇ ರಂಧ್ರ. ಒಳಗೆ ಸೂಜಿಯ ತುದಿ ಪ್ರತಿ ಸಲ ಆಡುವಾಗಲೂ ಮಸಿಯನ್ನು ತಾನೇ ಉಜ್ಜಿ ತೆಗೆಯುತ್ತದೆ. ನೇರ ಇಂಜೆಕ್ಷನ್ನಿನ ನಾಝಲ್ಲಿಗಾದರೋ ಕೂದಲಿನಷ್ಟು ಸಣ್ಣ ನಾಲ್ಕಾರು ತೂತುಗಳು. ಒಂದು ಕಟ್ಟಿಕೊಂಡರೂ ಎಂಜಿನ್ ಹೊಗೆ ಕಾರುತ್ತದೆ.

ಒಳಕೋಣೆಗೂ ತನ್ನದೇ ಕಾಯಿಲೆಗಳಿವೆ. ಕೋಣೆಯ ಗೋಡೆ ಶಾಖವನ್ನು ನುಂಗುವುದರಿಂದ ಚಳಿಯ ಬೆಳಗ್ಗೆ ಹೀಟರ್ ಪ್ಲಗ್ ಕಾಯದೆ ಎಂಜಿನ್ ಏಳುವುದಿಲ್ಲ. ಶಾಖವೆಲ್ಲ ಸಿಲಿಂಡರಿನ ಹೆಡ್ಡಿನಲ್ಲೇ ತುಂಬಿಕೊಳ್ಳುತ್ತದೆ. ರೇಡಿಯೇಟರಿನ ನೀರು ಇಳಿದದ್ದನ್ನು ಗಮನಿಸದಿದ್ದರೆ ಹೆಡ್ ಬಿರುಕು ಬಿಡುತ್ತದೆ. ಎಣ್ಣೆಯ ಖರ್ಚೂ ಜಾಸ್ತಿ. ಲಾರಿಯವರಿಗೆ ಅದೇ ದೊಡ್ಡ ಲೆಕ್ಕ. ಒಳಕೋಣೆಯನ್ನು ಹುಟ್ಟಿಸಿದ ಬೆನ್ಝ್ ಮನೆತನವೇ 1964ರಲ್ಲಿ ಓಎಂ 352 ಎಂಜಿನ್ನಿನೊಂದಿಗೆ ಲಾರಿಗಳಲ್ಲಿ ನೇರ ಇಂಜೆಕ್ಷನ್ನಿಗೆ ತಿರುಗಿತು. ಆ ಎಂಜಿನ್ನುಗಳು ಲಕ್ಷಾಂತರ ಕಿಲೋಮೀಟರ್ ದುಡಿದವು. ನೇರ ಇಂಜೆಕ್ಷನ್ ಎಂದರೆ ನಾಜೂಕು ಎನ್ನುವವರಿಗೆ ನಾನು ತೋರಿಸುವುದು ಈ ಲಾರಿಗಳನ್ನೇ.

ಹಾಗಾದರೆ ನಾಜೂಕುತನ ಹೊಕ್ಕದ್ದು ಎಲ್ಲಿಂದ? ಎಣ್ಣೆ ಚಿಮ್ಮಿಸುವ ಒತ್ತಡದಿಂದ. 1989ರ ಆಡಿ 100 ಟಿಡಿಐ, ಕಾರುಗಳಲ್ಲೂ ನೇರ ಇಂಜೆಕ್ಷನ್ ಗೆಲ್ಲಬಹುದೆಂದು ತೋರಿಸಿತು. 1997ರಲ್ಲಿ ಆಲ್ಫಾ ರೋಮಿಯೋ 156 ಕಾರು, ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಎಣ್ಣೆ ಹಂಚುವ ಕಾಮನ್ ರೇಲ್ ತಂದಾಗ ಒತ್ತಡ 1350 ಬಾರ್ ಮುಟ್ಟಿತು. ಈಗ 2000 ದಾಟಿದೆ. ಅಷ್ಟು ಒತ್ತಡ ತಡೆಯುವ ಬಿಗಿಯಾದ ಭಾಗಗಳ ನಡುವೆ ಒಂದು ಹನಿ ನೀರು, ಒಂದು ಕಣ ಧೂಳು ಸಾಕು. ಎಣ್ಣೆಗೆ ಸೀಮೆಎಣ್ಣೆ ಬೆರೆತರೆ ಜಾರುಗುಣವೇ ಹೋಗಿ ಪಂಪು ಸವೆಯುತ್ತದೆ. ಕೆಡುವುದು ಬಹುಪಾಲು ಎಣ್ಣೆ ಸಾಗುವ ಈ ದಾರಿ, ಎಂಜಿನ್ನಿನ ಒಡಲಲ್ಲ. ನಮ್ಮಲ್ಲಿ ಈ ಬದಲಾವಣೆ ಬೇಗ ನಡೆಯಿತು: 1998ರ ಟಾಟಾ ಇಂಡಿಕಾ ಒಳಕೋಣೆಯ ಡೀಸೆಲ್, 2007ರ ಮಾರುತಿ ಸ್ವಿಫ್ಟ್ ಡೀಸೆಲ್ ಕಾಮನ್ ರೇಲ್.

ಬೆಂಗಳೂರಿನವರಿಗೆ ಈ ಚರಿತ್ರೆ ಮನೆಯ ಮಾತು. 1951ರಲ್ಲಿ ಶುರುವಾದ ಮೈಕೋ, ಅಂದರೆ ಇಂದಿನ ಬಾಷ್, ಆಡುಗೋಡಿಯಲ್ಲಿ ಇಂಜೆಕ್ಷನ್ ಪಂಪುಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟಿತು. ಪಂಪು-ನಾಝಲ್ ರಿಪೇರಿಯ ಅಂಗಡಿಗಳು ಊರೂರಲ್ಲಿ ಹುಟ್ಟಿಕೊಂಡವು. ಹಳೆಯ ನಾಝಲ್ಲನ್ನು ಅಲ್ಲಿ ಕೈಪಂಪಿನ ಟೆಸ್ಟರಿಗೆ ಕಟ್ಟಿ, ಹಿಡಿ ಒತ್ತಿ, ಮಂಜಿನ ಹಾಗೆ ಎಣ್ಣೆ ಚಿಮ್ಮುವುದನ್ನು ಕಣ್ಣಲ್ಲಿ ನೋಡಿ, ಕರ್ರ್ ಎಂಬ ಸದ್ದನ್ನು ಕಿವಿಯಲ್ಲಿ ಕೇಳಿ ಮೆಕ್ಯಾನಿಕ್ ತೀರ್ಪು ಕೊಡುತ್ತಾನೆ. ಕಾಮನ್ ರೇಲ್ ಇಂಜೆಕ್ಟರಿಗೆ ಆ ಹಿಡಿ ಸಾಲದು. ಕಂಪ್ಯೂಟರ್ ಜೋಡಿಸಿದ ಬೆಂಚು ಬೇಕು, ಅದು ಇರುವ ಊರಿನವರೆಗೆ ಗಾಡಿಯನ್ನು ಎಳೆದುಕೊಂಡು ಹೋಗಬೇಕು.