ಪಿಸುಮಾತಿನ ಪಾಠ

ಮಕ್ಕಳಿಗೆ ನಾಡಿನ ಚರಿತ್ರೆ ತಿಳಿಯಲೆಂದು ನಾವು ಮೊದಲು ಮಾಡಿಸುವುದು ಇಸವಿಗಳ ಬಾಯಿಪಾಠ. ವಿಜಯಪುರದ ಗೋಳಗುಮ್ಮಟ ಬೇರೆಯದೇ ದಾರಿ ತೋರಿಸುತ್ತದೆ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಷ್ಟು ಭಾರವಿದ್ದರೂ ನಡುವೆ ಒಂದೇ ಒಂದು ಕಂಬವಿಲ್ಲ; ಒಂದನ್ನೊಂದು ಹಾಯುವ ಕಮಾನುಗಳು ಆ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ಮೂಲೆಯ ಗೋಪುರದ ಮೆಟ್ಟಿಲೇರಿ, ಗುಮ್ಮಟದ ಒಳಸುತ್ತಿನ ಗ್ಯಾಲರಿಯಲ್ಲಿ ಗೋಡೆಯ ಬಳಿ ಪಿಸುಗುಟ್ಟಿದರೆ, ದನಿ ಬಾಗಿದ ಗೋಡೆಯಗುಂಟ ಸಾಗಿ ಎದುರು ಬದಿಯವರ ಕಿವಿ ಸೇರುತ್ತದೆ. ಆಗ ಮಗು ತಾನಾಗಿಯೇ ‘ಹೇಗೆ?’ ಎಂದು ಕೇಳುತ್ತದೆ. ಚರಿತ್ರೆ ಶುರುವಾಗುವುದು ಆ ಪ್ರಶ್ನೆಯಿಂದಲೇ.

ಇದು ಆಟವೇ ಹೊರತು ಕಲಿಕೆಯಲ್ಲ ಎನ್ನುವವರಿದ್ದಾರೆ. ಆದರೆ ‘ಹೇಗೆ’ ಎಂದು ಕೇಳಿದ ಮಗು ‘ಯಾರು, ಯಾವಾಗ, ಯಾಕೆ’ ಎಂದೂ ಕೇಳುತ್ತದೆ. ಆಗ ಹೇಳಿದ ಇಸವಿ ಸುಲಭಕ್ಕೆ ಮರೆಯದು. ಸಮಾಧಿಯ ಬಳಿ ಗದ್ದಲ ತರವೇ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೆ ಉತ್ತರ ಕಟ್ಟಡದಲ್ಲೇ ಇದೆ: ಎಲ್ಲರೂ ಕೂಗಿದರೆ ಪ್ರತಿಧ್ವನಿಗಳು ಕಲಸಿಹೋಗಿ ಯಾರ ಮಾತೂ ತಿಳಿಯದು, ಪಿಸುಮಾತು ಕೇಳಬೇಕಾದರೆ ಉಳಿದವರು ಸುಮ್ಮನಿರಬೇಕು. ಈ ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಮೊದಲು ಅವರು ಕಿವಿಗೊಡಲಿ, ಇಸವಿ ಆಮೇಲೆ ಹೇಳೋಣ.