ಮುದ್ರೆಯ ಮರ್ಯಾದೆ

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ನಮ್ಮ ಎದುರು ಮನೆಯ ಅಜ್ಜಿ ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಜಗಲಿಗೆ ಬಂದರು. ಅವರ ಪಿಂಚಣಿಯ ಲೆಕ್ಕವಿರುವುದು ಅದರಲ್ಲಿ. ದುಬೈಯಲ್ಲಿರುವ ಮಗನ ಮುಖವನ್ನು ವಾರಕ್ಕೊಮ್ಮೆ ನೋಡುವುದೂ ಅದರಲ್ಲಿಯೇ. “ಮೇಷ್ಟ್ರೇ, ಎಂಟು ದಿನದಿಂದ ಇದು ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಅಂತ ಕಾಡ್ತಾ ಇದೆ. ಒತ್ತಲೋ, ಬೇಡವೋ?” ಎಂದು ಕೇಳಿದರು.

ಇಂಥ ಅಪ್‌ಡೇಟಿನ ಸೋಗಿನಲ್ಲಿ ಸರ್ಕಾರಗಳು ಬೇಹುಗಾರರನ್ನು ಮನೆಯೊಳಗೆ ಕಳುಹಿಸಿದ ಸಂಗತಿಯನ್ನು ನಾನು ಆಗತಾನೇ ಓದಿದ್ದೆ. ಓದಿದ ಬಿಸಿಯಲ್ಲಿ, “ಒತ್ತಬೇಡಿ ಅಮ್ಮ, ಹಾಗೆಯೇ ಇರಲಿ” ಎಂದುಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಮಾತೆಂದು ಅವರು ನಂಬಿ ಹೋದರು. ಆ ಮಾತು ಸರಿಯೆ ಎಂಬ ಪ್ರಶ್ನೆ ರಾತ್ರಿಯೆಲ್ಲ ನನ್ನನ್ನು ಕೊರೆಯಿತು. ಅದನ್ನು ಬಿಡಿಸಿಕೊಳ್ಳಲು ನಾನು ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಅಪ್‌ಡೇಟು ಎಂದರೇನು? ಮಳೆಗಾಲಕ್ಕೆ ಮುಂಚೆ ಹೆಂಚಿನ ಮಾಡಿಗೆ ಕೈಯಾಡಿಸುತ್ತೇವಲ್ಲ, ಅಂಥದು. ಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಸಮೂಹವೇ ಸಾಫ್ಟ್‌ವೇರು. ಅದನ್ನು ಬರೆದವರು ಮನುಷ್ಯರಾದ್ದರಿಂದ ಅದರಲ್ಲಿ ತೂತುಗಳು ಉಳಿಯುತ್ತವೆ. ಕಳ್ಳರು ನುಗ್ಗುವುದಕ್ಕೆ ಮುಂಚೆ ಆ ತೂತುಗಳಿಗೆ ಹಾಕುವ ತೇಪೆಯೇ ಅಪ್‌ಡೇಟು. ತೇಪೆ ಹಾಕದೆ ಬಿಟ್ಟರೆ ಏನಾಗುವುದೆಂಬುದಕ್ಕೆ 2017ರ ನಿದರ್ಶನವುಂಟು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ವಿಂಡೋಸಿನಲ್ಲಿದ್ದ ಒಂದು ತೂತನ್ನು ಕಂಡುಕೊಂಡು, ತಯಾರಕರಿಗೆ ತಿಳಿಸದೆ ತನ್ನ ಗೂಢಚರ್ಯೆಗೆಂದು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿತ್ತು. ಆ ಸಾಧನ ಕಳವಾಗಿ ಬೀದಿಗೆ ಬಿತ್ತು. ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ 14ರಂದೇ ತೇಪೆಯನ್ನು ಕೊಟ್ಟಿತ್ತು. ಹಾಕಿಕೊಳ್ಳದೆ ಇದ್ದವರ ಮೇಲೆ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಎರಗಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ವೈದ್ಯರನ್ನು ಕಾಣಲು ಗೊತ್ತುಪಡಿಸಿದ್ದ ಸುಮಾರು 19,000 ಭೇಟಿಗಳು ರದ್ದಾದುವೆಂಬ ಅಂದಾಜು ಅಲ್ಲಿಯ ಲೆಕ್ಕಪರಿಶೋಧನಾ ಕಚೇರಿಯ ವರದಿಯಲ್ಲಿದೆ. ಹಾಗಾದರೆ ‘ಒತ್ತಬೇಡಿ’ ಎಂಬ ನನ್ನ ಉಪದೇಶ, ಮಾಡು ಸೋರಲಿ ಎಂದು ಹೇಳಿದಂತೆಯೇ ಆಯಿತು.

ಬಂದ ತೇಪೆ ತಯಾರಕರದೇ ಎಂದು ಯಂತ್ರಕ್ಕೆ ತಿಳಿಯುವ ಬಗೆ ಹೇಗೆ? ಮುದ್ರೆಯಿಂದ. ಗಣಿತದ ಬಲದಿಂದ ಒತ್ತಿದ ಒಂದು ಗುಪ್ತ ಮುದ್ರೆ ತೇಪೆಯ ಮೇಲಿರುತ್ತದೆ. ಮುದ್ರೆ ಸರಿಯಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಮುದ್ರೆಯೆಂದೊಡನೆ ಕನ್ನಡ ಪಂಡಿತನಿಗೆ ನೆನಪಾಗುವುದು ರಾಕ್ಷಸಾಮಾತ್ಯನ ಉಂಗುರ. ವಿಶಾಖದತ್ತನ ‘ಮುದ್ರಾರಾಕ್ಷಸ’ದ ಕಥೆಯನ್ನು 1823ರಲ್ಲಿ ಕೆಂಪುನಾರಾಯಣನು ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದನು. ನಾಟಕದಲ್ಲಿ ರಾಕ್ಷಸನ ಹೆಂಡತಿ, ಹೊರಗೆ ಇಣುಕಿದ ಮಗುವನ್ನು ಒಳಕ್ಕೆ ಎಳೆದುಕೊಳ್ಳುವಾಗ ಆಕೆಯ ಬೆರಳಿನಿಂದ ಉಂಗುರ ಜಾರಿ ಹೊಸ್ತಿಲ ಬಳಿ ಬೀಳುತ್ತದೆ. ಅದು ಚಾಣಕ್ಯನ ಕೈ ಸೇರುತ್ತದೆ. ಅವನು ಒಂದು ಕಪಟಪತ್ರವನ್ನು ಬರೆಸಿ ಅದರ ಮೇಲೆ ಆ ಉಂಗುರದ ಮುದ್ರೆಯನ್ನು ಒತ್ತಿಸುತ್ತಾನೆ. ಪತ್ರ ಸುಳ್ಳು, ಮುದ್ರೆ ನಿಜ. ಮಲಯಕೇತು ನಂಬಿದ್ದು ಮುದ್ರೆಯನ್ನು. ಆ ನಂಬಿಕೆಯಿಂದಲೇ ರಾಕ್ಷಸನ ಪಕ್ಷ ಒಡೆದುಹೋಯಿತು. ಚಾಣಕ್ಯನ ಜಾಣತನಕ್ಕೆ ತರಗತಿಯಲ್ಲಿ ನಾವೆಲ್ಲ ತಲೆದೂಗಿದ್ದೇವೆ. ಆದರೆ ಅಂಥ ಪತ್ರ ನಮ್ಮ ಮನೆಗೇ ಬಂದರೆ ತಲೆದೂಗುವುದು ಸುಲಭವಲ್ಲ.

ಅದು ಬಂದದ್ದೂ ಉಂಟು. 2009ರ ಜುಲೈ ತಿಂಗಳಿನಲ್ಲಿ, ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವ ಅರಬ್ ಸಂಯುಕ್ತ ಸಂಸ್ಥಾನದಲ್ಲಿ, ಬ್ಲ್ಯಾಕ್‌ಬೆರಿ ಫೋನು ಇಟ್ಟುಕೊಂಡವರಿಗೆ ಒಂದು ಸಂದೇಶ ಬಂತು. ಕಳುಹಿಸಿದ್ದು ಎತಿಸಲಾತ್ ಎಂಬ ದೂರವಾಣಿ ಸಂಸ್ಥೆ; ಅದರಲ್ಲಿ ಹೆಚ್ಚಿನ ಪಾಲು ಸರ್ಕಾರದ್ದು. ಫೋನು ಚೆನ್ನಾಗಿ ಕೆಲಸ ಮಾಡಲು ಈ ಅಪ್‌ಡೇಟನ್ನು ಹಾಕಿಕೊಳ್ಳಿರಿ ಎಂದು ಅದರ ಒಕ್ಕಣೆ. ಅಲ್ಲಿ ಆಗ ಸುಮಾರು 1,45,000 ಮಂದಿ ಬ್ಲ್ಯಾಕ್‌ಬೆರಿ ಗ್ರಾಹಕರಿದ್ದರು. ಹಾಕಿಕೊಂಡವರ ಫೋನುಗಳು ಬಿಸಿಯಾದುವು, ಬ್ಯಾಟರಿ ನೋಡನೋಡುತ್ತಲೇ ಬರಿದಾಯಿತು. ಬಲ್ಲವರು ಬಿಚ್ಚಿ ನೋಡಿದರೆ, ಅದು ಅಪ್ಪಣೆ ಬಂದೊಡನೆ ಮಾಲಿಕನ ಇ-ಮೇಲುಗಳ ಪ್ರತಿಯನ್ನು ಬೇರೆಡೆಗೆ ಕಳುಹಿಸಬಲ್ಲ ಸಾಫ್ಟ್‌ವೇರು! ಎಲ್ಲ ಫೋನುಗಳೂ ಒಮ್ಮೆಗೇ ವರದಿ ಒಪ್ಪಿಸಲು ಹೋದುದರಿಂದ, ಆಚೆಯ ಯಂತ್ರ ಭಾರ ತಾಳಲಾರದೆ ಉತ್ತರ ಕೊಡಲಿಲ್ಲ. ಇವು ಮತ್ತೆ ಮತ್ತೆ ಕದ ತಟ್ಟಿ ದಣಿದುವು. ಬೇಹುಗಾರ ಸಿಕ್ಕಿಬಿದ್ದದ್ದು ತನ್ನ ಏದುಸಿರಿನಿಂದಲೇ.

ಫೋನು ತಯಾರಿಸಿದ ಕೆನಡಾದ ರಿಸರ್ಚ್ ಇನ್ ಮೋಷನ್ ಸಂಸ್ಥೆ, ಇದು ತಾನು ಒಪ್ಪಿದ ಅಪ್‌ಡೇಟಲ್ಲವೆಂದು ಸಾರಿ, ಅದನ್ನು ಕಿತ್ತುಹಾಕುವ ಉಪಾಯವನ್ನೂ ಒದಗಿಸಿತು. ಎತಿಸಲಾತ್ ಮಾತ್ರ, ಜಾಲವನ್ನು ಸುಗಮಗೊಳಿಸಲು ಹಾಗೆ ಮಾಡಿದೆವೆಂದು ವಾದಿಸಿತು.

ಇನ್ನೊಂದು ಸಂಗತಿ 2012ರದು. ಇರಾನ್ ಮೊದಲಾದ ಪಶ್ಚಿಮ ಏಷ್ಯದ ದೇಶಗಳ ಕಂಪ್ಯೂಟರುಗಳಲ್ಲಿ ಫ್ಲೇಮ್ ಎಂಬ ಬೇಹಿನ ಸಾಫ್ಟ್‌ವೇರು ಪತ್ತೆಯಾಯಿತು. ಅದು ಒಂದು ಕಂಪ್ಯೂಟರಿನಿಂದ ನೆರೆಯ ಕಂಪ್ಯೂಟರಿಗೆ ಹೋಗುತ್ತಿದ್ದುದು ವಿಂಡೋಸಿನ ಅಪ್‌ಡೇಟಿನ ವೇಷದಲ್ಲಿ. ಹಳೆಯ ಗಣಿತಕ್ರಮವೊಂದರ ದೌರ್ಬಲ್ಯವನ್ನು ಹಿಡಿದು, ಮೈಕ್ರೋಸಾಫ್ಟಿನದೇ ಎಂದು ತೋರುವ ಖೋಟಾ ಮುದ್ರೆಯನ್ನು ಎರಕ ಹೊಯ್ದಿದ್ದರು. ಇದು ಅಮೆರಿಕ ಮತ್ತು ಇಸ್ರೇಲುಗಳ ಕೆಲಸವೆಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ವರದಿ ಮಾಡಿತು. ಮೈಕ್ರೋಸಾಫ್ಟ್ ಅವಸರದಿಂದ ಆ ಮುದ್ರೆಗಳನ್ನು ರದ್ದು ಮಾಡಬೇಕಾಯಿತು.

ಹಾಗೆಂದು ಸರ್ಕಾರದ ಪಕ್ಷದಲ್ಲಿ ಹೇಳುವುದು ಏನೂ ಇಲ್ಲವೆ? ಉಂಟು. 2015ರ ಡಿಸೆಂಬರ್ 2ರಂದು ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ ಹದಿನಾಲ್ಕು ಮಂದಿ ಗುಂಡಿಗೆ ಬಲಿಯಾದರು. ಕೊಲೆಗಾರ ಬಳಸುತ್ತಿದ್ದ ಐಫೋನು ಪೊಲೀಸರ ಕೈಗೆ ಸಿಕ್ಕಿತು, ಆದರೆ ಬೀಗ ತೆರೆಯಲಿಲ್ಲ. ತಪ್ಪು ಸಂಖ್ಯೆಯನ್ನು ಹತ್ತು ಸಲ ಒತ್ತಿದರೆ ಒಳಗಿನದೆಲ್ಲ ಅಳಿಸಿಹೋಗಬಹುದಾಗಿತ್ತು. ಆ ಕಾವಲನ್ನು ತೆಗೆಯುವ ಸಾಫ್ಟ್‌ವೇರನ್ನು ಒದಗಿಸಿ ನೆರವಾಗಬೇಕೆಂದು 2016ರ ಫೆಬ್ರವರಿ 16ರಂದು ನ್ಯಾಯಾಲಯ ಆಪಲ್ ಸಂಸ್ಥೆಗೆ ಆಜ್ಞೆ ಮಾಡಿತು. ಆಧಾರವಾಗಿ ಹಿಡಿದದ್ದು 1789ರ ಒಂದು ಕಾನೂನು. ‘ಇದೊಂದೇ ಫೋನಿಗೆ’ ಎಂದಿತು ಸರ್ಕಾರ. ‘ಒಮ್ಮೆ ಮಾಡಿದರೆ ಅಷ್ಟಕ್ಕೇ ನಿಲ್ಲದು’ ಎಂದಿತು ಆಪಲ್. ಮಾರ್ಚ್ 28ರಂದು ಸರ್ಕಾರ, ಬೇರೆ ದಾರಿಯಿಂದ ಫೋನು ತೆರೆಯಿತೆಂದು ತಿಳಿಸಿ ತನ್ನ ಬೇಡಿಕೆಯನ್ನು ಹಿಂತೆಗೆದುಕೊಂಡಿತು. ವ್ಯಾಜ್ಯ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ.

ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮುಂದೆ ನಿಂತು, ಕೊಲೆಗಾರನ ಗುಟ್ಟು ಗುಟ್ಟಾಗಿಯೇ ಇರಲಿ ಎಂದು ಹೇಳುವ ಎದೆ ನನಗಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಗೊತ್ತಾದ ಸಂದರ್ಭಗಳಲ್ಲಿ ಅಂಚೆಯ ಲಕೋಟೆಯನ್ನು ತಡೆದು ನೋಡುವ ಅಧಿಕಾರ 1898ರ ಅಂಚೆ ಕಾಯಿದೆಯಲ್ಲಿಯೇ ಇತ್ತು. 2023ರ ಹೊಸ ಕಾಯಿದೆಯಲ್ಲಿಯೂ ಇದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ವಿಧಿ ಕಂಪ್ಯೂಟರಿನ ಮೂಲಕ ಸಾಗುವ ಮಾತಿಗೂ ಅಂಥದೇ ಅಧಿಕಾರವನ್ನು ಕೊಟ್ಟಿದೆ. ಆ ಅಧಿಕಾರ ಎಷ್ಟಿರಬೇಕು, ಯಾರ ಅಪ್ಪಣೆಯಿಂದ ನಡೆಯಬೇಕು ಎಂಬುದು ಬೇರೆ ಚರ್ಚೆ. ಏನಿದ್ದರೂ ಅದು ಒಬ್ಬನ ಲಕೋಟೆಯ ಮಾತು. ರಿಪೇರಿಗೆ ಬಂದವನ ಉಡುಪಿನಲ್ಲಿ ಬೇಹುಗಾರನನ್ನು ಕಳುಹಿಸುವುದು ಹಾಗಲ್ಲ. ಒಂದು ಮನೆಯಲ್ಲಿ ಇದು ಬಯಲಾದರೆ, ಊರಿನ ನೂರು ಮನೆಗಳು ನಿಜವಾದ ರಿಪೇರಿಯವನಿಗೂ ಬಾಗಿಲು ಹಾಕುತ್ತವೆ. ಮಾಡುಗಳು ಸೋರತೊಡಗುತ್ತವೆ. ನೆನೆಯುವವರು ಕೊಲೆಗಾರರಲ್ಲ, ಆಸ್ಪತ್ರೆಯ ರೋಗಿ, ಪಿಂಚಣಿಯ ಮುದುಕಿ.

ಇದು ಊಹೆಯಲ್ಲ. ಆ ಸಂಜೆ ಬಾಗಿಲು ಹಾಕಿಸಿದವನು ನಾನೇ. ಎಲ್ಲಿಯೋ ದೂರದೇಶದಲ್ಲಿ ಒಂದು ಮುದ್ರೆ ಕೆಟ್ಟಿತೆಂದು ಓದಿ, ಸಾವಿರಾರು ಮೈಲಿ ಈಚೆಗೆ ನಮ್ಮ ಬೀದಿಯ ಅಜ್ಜಿಯ ಮಾಡಿಗೆ ತೇಪೆ ಬೀಳದಂತೆ ಮಾಡಿದೆ. ಸರ್ಕಾರಗಳ ಲೆಕ್ಕದ ಪುಸ್ತಕದಲ್ಲಿ ಈ ನಷ್ಟ ಎಲ್ಲಿಯೂ ಬರೆದಿರುವುದಿಲ್ಲ.

ಮರುದಿನ ಬೆಳಿಗ್ಗೆ ಎದುರು ಮನೆಗೆ ಹೋಗಿ, “ನಿನ್ನೆ ಹೇಳಿದ್ದು ತಪ್ಪಾಯಿತು ಅಮ್ಮ, ಒತ್ತಿ” ಎಂದೆ. ಯಾರೋ ಕಳುಹಿಸಿದ ಸಂದೇಶದೊಳಗಿನ ಕೊಂಡಿಯನ್ನು ಒತ್ತಬಾರದು. ಫೋನಿನ ಸೆಟ್ಟಿಂಗಿನೊಳಗೆ ಹೋಗಿ, ತಯಾರಕರ ಅಪ್‌ಡೇಟು ಇದೆಯೆ ಎಂದು ನೋಡಿ ಹಾಕಿಕೊಳ್ಳಬೇಕು ಎಂದು ತೋರಿಸಿಕೊಟ್ಟೆ. ಈ ಎರಡು ಮಾತನ್ನು ನೀವೂ ನಿಮ್ಮ ಮನೆಯ ಹಿರಿಯರಿಗೆ ಹೇಳಿಕೊಡಬಹುದು.

ಅಜ್ಜಿ ಕನ್ನಡಕ ಏರಿಸಿಕೊಂಡು, “ಅದರ ಮುದ್ರೆ ಸರಿಯಾಗಿದೆ ಅಂತ ಫೋನು ನೋಡಿಕೊಳ್ಳುತ್ತೆ ಅಂದಿರಿ. ಮುದ್ರೆ ಒತ್ತೋರು ಸರಿಯಾಗಿದ್ದಾರೆ ಅಂತ ನೋಡಿಕೊಳ್ಳೋರು ಯಾರು?” ಎಂದು ಕೇಳಿದರು.

ನಾವು ಆರಿಸಿ ಕಳುಹಿಸಿದವರು ಶಾಸನಸಭೆಯಲ್ಲಿ ಕೇಳಬೇಕು, ನ್ಯಾಯಾಲಯ ಕೇಳಬೇಕು, ಪತ್ರಿಕೆಗಳು ಕೇಳಬೇಕು ಎಂದೆ. “ಅವರು ಕೇಳದೆ ಹೋದರೆ?” ಎಂದರು. ನಾವು ಕೇಳಬೇಕು ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಗುಂಡಿಯನ್ನು ಒತ್ತಿ, ಫೋನನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು ಕಾಫಿ ಮಾಡಲು ಒಳಗೆ ಹೋದರು.