ಊರಲ್ಲೇ ಹಳೇ ಲ್ಯಾಪ್‌ಟಾಪ್ ಅಂಗಡಿ: ಲಾಭ ಎಲ್ಲಿ ಹುಟ್ಟುತ್ತೆ?

ಹುಲಿಯೂರುದುರ್ಗದಿಂದ ಮಾತಾಡ್ತಿದ್ದೀನಿ. ಕುಣಿಗಲ್‌ನಿಂದ ಮದ್ದೂರಿಗೆ ಹೋಗೋ ರಸ್ತೇಲಿ, ಬೆಟ್ಟದ ಮಗ್ಗುಲಲ್ಲಿರೋ ಊರು. ಇಲ್ಲಿ ನಾನು ಹಳೇ ಕಂಪ್ಯೂಟರ್, ಲ್ಯಾಪ್‌ಟಾಪ್ ತಂದು ಮಾರ್ತೀನಿ, ರಿಪೇರಿ ಮಾಡ್ತೀನಿ. ಐಟಿಐ, ಡಿಪ್ಲೊಮಾ, ಡಿಗ್ರಿ ಮುಗಿಸಿ ಊರಲ್ಲೇ ಏನಾದ್ರೂ ಶುರು ಮಾಡೋಣ ಅಂತಿರೋ ಹುಡುಗರು, ಹುಡುಗೀರು ಅಂಗಡಿಗೆ ಬಂದು ಮೊದಲು ಕೇಳೋದು ಇದನ್ನೇ: "ಅಣ್ಣಾ, ಬಂಡವಾಳ ಎಷ್ಟು ಬೇಕು?" ಇವತ್ತು ಲೆಕ್ಕ ಸಮೇತ ಉತ್ತರ ಹೇಳ್ತೀನಿ. ಆದ್ರೆ ಒಂದು ಮಾತು ಮೊದಲೇ ತಲೇಲಿ ಇಟ್ಕೊಳ್ಳಿ. ಈ ವ್ಯಾಪಾರದಲ್ಲಿ ಲಾಭ ಹುಟ್ಟೋದು ನಾವು ಕೊಳ್ಳುವಾಗ. ಅಂಗಡಿ ಉಳಿಯೋದು ಮಾರಿದ ಮೇಲೆ ನಾವು ನಡ್ಕೊಳ್ಳೋ ರೀತಿಯಿಂದ.

ಗಿರಾಕಿ ಯಾರು?

ನಮ್ಮಂಥ ಹೋಬಳಿ ಊರಲ್ಲಿ ಹಳೇ ಕಂಪ್ಯೂಟರ್ ಯಾರು ತಗೋತಾರೆ? ಪಹಣಿ ತೆಗೆದುಕೊಡೋ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಡೋ ಸೇವಾ ಕೇಂದ್ರದವರು. ಜೆರಾಕ್ಸ್ ಅಂಗಡಿಯವರು. ಮದುವೆ ಆಲ್ಬಂ ಮಾಡೋ ಸ್ಟುಡಿಯೋದವರು. ಹಾಲಿನ ಡೇರಿಯವರು. ಬಿಲ್ ಹಾಕೋಕೆ ಗೊಬ್ಬರದ ಅಂಗಡಿಯವರು. ಇವರೆಲ್ಲರ ಜೊತೆಗೆ, ಕಾಲೇಜು ಓದೋ ಮಕ್ಕಳ ಅಪ್ಪ-ಅಮ್ಮ.

ಆ ಅಪ್ಪ-ಅಮ್ಮ ತರೋ ದುಡ್ಡು ಎಂಥದ್ದು ಅಂತ ನೋಡಿ. ಹಾಲಿನ ಬಟವಾಡೆ ಉಳಿಸಿದ್ದು, ಇಲ್ಲಾ ರೇಷ್ಮೆಗೂಡು ಮಾರಿದ್ದು. ಹೊಸ ಲ್ಯಾಪ್‌ಟಾಪ್ ಅವರ ಕೈಗೆ ಎಟುಕಲ್ಲ. ನಮ್ಮ ಹತ್ರ ಹದಿನೈದು-ಹದಿನಾರು ಸಾವಿರಕ್ಕೆ ತಗೊಂಡ ಮಿಷನ್ ಮೂರು ತಿಂಗಳಿಗೆ ಸತ್ತರೆ, ಅವರಿಗೆ ಎರಡನೇದು ತಗೊಳ್ಳೋ ಶಕ್ತಿ ಇರಲ್ಲ. ಮಗಳ ಪ್ರಾಜೆಕ್ಟ್ ನಿಲ್ಲುತ್ತೆ, ಪರೀಕ್ಷೆ ಹತ್ರ ಬಂದಿರುತ್ತೆ. ಬೆಂಗಳೂರಲ್ಲಾದ್ರೆ ಆ ಗಿರಾಕಿ ಮತ್ತೆ ಕಣ್ಣಿಗೆ ಬೀಳದೇ ಇರಬಹುದು. ಇಲ್ಲಿ ಮಾರನೇ ದಿನ ಬಸ್ ಸ್ಟ್ಯಾಂಡಲ್ಲೇ ಎದುರು ಸಿಗ್ತಾರೆ.

ಕೊಳ್ಳುವಾಗ ಏನು ನೋಡ್ಬೇಕು?

ಬೆಂಗಳೂರಿನ ಕಂಪನಿಗಳು ಮೂರ್ನಾಲ್ಕು ವರ್ಷಕ್ಕೊಮ್ಮೆ ನೌಕರರ ಲ್ಯಾಪ್‌ಟಾಪ್ ಬದಲಾಯಿಸ್ತವೆ. ಹಳೇವು ಲಾಟ್ ಲಾಟಾಗಿ ವ್ಯಾಪಾರಿಗಳ ಕೈಗೆ ಬರ್ತವೆ. ಅಲ್ಲಿಂದ ಎಸ್.ಪಿ. ರಸ್ತೆ, ಅಂದ್ರೆ ಸಾದರ್ ಪತ್ರಪ್ಪ ರಸ್ತೆಯಂಥ ಮಾರುಕಟ್ಟೆಗೆ. ನಾನು ಹುಡುಕೋದು ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ತರದ ಆಫೀಸ್ ಮಾಡೆಲ್‌ಗಳನ್ನ. ನೋಡೋಕೆ ಕಪ್ಪಗೆ, ಸಪ್ಪೆ. ಆದ್ರೆ ಹಿಂದಿನ ಮುಚ್ಚಳ ಬಿಚ್ಚೋದು ಸುಲಭ, ಕೀಬೋರ್ಡ್, ಬ್ಯಾಟರಿ, ಹಿಂಜ್ ಎಲ್ಲ ಬಿಡಿಯಾಗಿ ಸಿಗ್ತವೆ. ಹೊಳೆಯೋ ತೆಳ್ಳನೆ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಅಂಟಿರೋದು ಬಹಳ. ಅದು ಹೋದ್ರೆ ಬೋರ್ಡಿಗೇ ಕೈ ಹಾಕ್ಬೇಕು.

ದುಡ್ಡು ಕೊಡೋ ಮೊದಲು ಈ ಐದು ಪರೀಕ್ಷೆ ಮಾಡಿ. ಒಂದು, ಬಯೋಸ್‌ಗೆ ಪಾಸ್‌ವರ್ಡ್ ಹಾಕಿದ್ದಾರಾ? ಎರಡು, ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ, ಇಂಟರ್‌ನೆಟ್‌ಗೆ ಜೋಡಿಸಿದಾಗ ಹಳೇ ಕಂಪನಿಯ ಲಾಗಿನ್ ಕೇಳುತ್ತಾ? ಕೇಳಿದ್ರೆ ಅದು ಇನ್ನೂ ಆ ಕಂಪನಿಯ ಪಟ್ಟಿಯಲ್ಲೇ ಇದೆ ಅಂತ ಅರ್ಥ. ಎಷ್ಟೇ ಅಗ್ಗವಾದ್ರೂ ಕೆಳಗಿಡಿ. ಮೂರು, ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ಸಿಗುತ್ತೆ. ಹುಟ್ಟಿದಾಗ ಎಷ್ಟು ಸಾಮರ್ಥ್ಯ ಇತ್ತು, ಈಗ ಎಷ್ಟು ತುಂಬುತ್ತೆ ಅಂತ ಎರಡೂ ಅಂಕಿ ತೋರಿಸುತ್ತೆ. ನಾಲ್ಕು, ಡಿಸ್ಕ್‌ನ ಆರೋಗ್ಯ. ಅದಕ್ಕೆ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ, ಪೆನ್‌ಡ್ರೈವ್‌ನಲ್ಲಿ ಜೊತೇಲೇ ಒಯ್ಯಿರಿ. ಐದು, ಪೂರ್ತಿ ಬಿಳಿ ಪರದೆ ಹಾಕಿ ಕಲೆ ನೋಡಿ, ಪ್ರತಿ ಕೀ ಒತ್ತಿ, ಪ್ರತಿ ಯುಎಸ್‌ಬಿ ತೂತಿಗೂ ಪೆನ್‌ಡ್ರೈವ್ ಹಾಕಿ ನೋಡಿ.

ವಿಂಡೋಸ್ 11ರ ತಕರಾರು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸ್ತು. ವಿಂಡೋಸ್ 11 ಅಧಿಕೃತವಾಗಿ ಹಾಕ್ಬೇಕಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಇಂಟೆಲ್ ಆದ್ರೆ, ಒಂದೆರಡು ಬಿಟ್ಟು, 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಹಾಗಾಗಿ 6ನೇ, 7ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು, ಚೆನ್ನಾಗೇ ಓಡ್ತಿದ್ರೂ, ಬೆಲೆ ಕಳ್ಕೊಂಡವು.

ಇಲ್ಲೇ ಆಸೆ ಹುಟ್ಟೋದು. ಅಗ್ಗಕ್ಕೆ ತಂದು, ಹೆಂಗೋ ವಿಂಡೋಸ್ 11 ತುರುಕಿ, "ಲೇಟೆಸ್ಟ್" ಅಂತ ಮಾರಬಹುದು. ಗಿರಾಕಿಗೆ ಗೊತ್ತೂ ಆಗಲ್ಲ. ಆದ್ರೆ ಅದೇ ಮಿಷನ್‌ನಲ್ಲಿ ಅವರು ಬ್ಯಾಂಕ್ ಖಾತೆ ತೆಗೀತಾರೆ, ಆಧಾರ್ ನಂಬರ್ ಹಾಕ್ತಾರೆ. ಮುಂದೊಂದು ಅಪ್‌ಡೇಟ್ ನಿಂತರೆ ಕೇಳೋಕೆ ಬರೋದು ನಮ್ಮ ಹತ್ರಾನೇ. ನಾನು ಬಿಲ್ ಮೇಲೇ ಪ್ರೊಸೆಸರ್‌ನ ತಲೆಮಾರು ಬರೀತೀನಿ. ಬರೀ ಬ್ರೌಸರ್, ಟೈಪಿಂಗ್, ವಿಡಿಯೋ ಸಾಕು ಅನ್ನೋರಿಗೆ ಹಳೇ ಮಿಷನ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಡ್ತೀನಿ. ಅದು ಪುಕ್ಕಟೆ, ಕನ್ನಡ ಟೈಪಿಂಗ್ ಇದೆ, ಅಪ್‌ಡೇಟ್ ಬರುತ್ತೆ. ಆದ್ರೆ ಸೇವಾ ಕೇಂದ್ರದವರಿಗೆ ಇದು ಆಗಲ್ಲ. ಬೆರಳಚ್ಚು ಯಂತ್ರದ ಸಾಫ್ಟ್‌ವೇರ್‌ಗೆ ಅವರಿಗೆ ವಿಂಡೋಸೇ ಬೇಕು. ಡಿಟಿಪಿಯವರಿಗೆ ಕೊಡೋ ಮುಂಚೆ ನುಡಿ ಹಾಕಿ, ಅವರ ಹಳೇ ಫೈಲ್ ಒಂದನ್ನ ತೆರೆದು ತೋರಿಸಿ.

ಇನ್ನೊಂದು ವಿಷಯ. ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ವಿಂಡೋಸ್ ಲೈಸೆನ್ಸ್ ಬೋರ್ಡ್ ಒಳಗೇ ಇರುತ್ತೆ. ಅದೇ ಆವೃತ್ತಿ ಹಾಕಿದ್ರೆ ತಾನೇ ಆಕ್ಟಿವೇಟ್ ಆಗುತ್ತೆ. ಕ್ರ್ಯಾಕ್ ಹಾಕೋ ಅಗತ್ಯಾನೇ ಇಲ್ಲ. ಕ್ರ್ಯಾಕ್ ಜೊತೆ ಏನೇನು ಒಳಗೆ ನುಗ್ಗುತ್ತೆ ಅಂತ ಹಾಕಿದವರಿಗೂ ಗೊತ್ತಿರಲ್ಲ.

ಈಗ ಲೆಕ್ಕ

ಬೆಲೆ ವಾರಕ್ಕೊಂದು ತರ ಇರುತ್ತೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಿಂದ ರ‍್ಯಾಮ್ ದರ ಏರಿದ್ದು ನಮ್ಮ ಊರಿಗೂ ಮುಟ್ಟಿದೆ. ಆದ್ರಿಂದ ಅಂಕಿ ಬಿಟ್ಟು ಲೆಕ್ಕದ ದಾರಿ ನೋಡಿ.

ಒಂದು ಲ್ಯಾಪ್‌ಟಾಪ್ 11,000ಕ್ಕೆ ತಂದ್ರಿ ಅಂತಿಟ್ಕೊಳ್ಳಿ. ಬ್ಯಾಟರಿ 1,800, ಚಾರ್ಜರ್ 600, ಬಸ್ ಖರ್ಚಿನ ಪಾಲು 200. ಒಟ್ಟು 13,600. ಮಾರಿದ್ದು 16,500ಕ್ಕೆ. ಉಳಿದಿದ್ದು 2,900. ತಿಂಗಳಿಗೆ ನಾಲ್ಕು ಹೋದ್ರೆ 11,600. ಬಾಡಿಗೆ, ಕರೆಂಟು, ಫೋನು ಸೇರಿ 5,000 ಕಳೀರಿ. ಹತ್ತರಲ್ಲಿ ಒಂದು ವಾರಂಟಿ ಒಳಗೆ ವಾಪಸ್ ಬಂದು 3,500 ಖರ್ಚು ಮಾಡಿಸುತ್ತೆ ಅಂತ ಇಟ್ರೆ, ನಾಲ್ಕರ ಪಾಲಿಗೆ 1,400. ಕೊನೆಗೆ ಕೈಗೆ ಬರೋದು 5,200. ಇದರಲ್ಲಿ ಸಂಸಾರ ನಡೆಯಲ್ಲ.

ಸಂಸಾರ ನಡೆಸೋದು ರಿಪೇರಿ. ದಿನಕ್ಕೆ ಎರಡು ಕೆಲಸ, ಸರಾಸರಿ 300 ಕೂಲಿ, 25 ದಿನಕ್ಕೆ 15,000. ಅಲ್ಲಿಗೆ ತಿಂಗಳಿಗೆ ಇಪ್ಪತ್ತು ಸಾವಿರದ ಹತ್ರ ಬಂತು. ಮೇಲಾಗಿ ರಿಪೇರಿಗೆ ಬಂದವರೇ ನಾಳೆ ಕೊಳ್ಳೋರು.

ಹಳ್ಳಿ ಕಡೆ ರಿಪೇರಿಯ ಸ್ವರೂಪಾನೇ ಬೇರೆ. ವೋಲ್ಟೇಜ್ ಏರಿಳಿದು ಎಸ್‌ಎಂಪಿಎಸ್ ಸುಟ್ಟಿರುತ್ತೆ. ಬೇಸಿಗೆ ಮಳೆಯ ಸಿಡಿಲಿಗೆ ನೆಟ್‌ವರ್ಕ್ ಪೋರ್ಟ್ ಹೋಗಿರುತ್ತೆ. ಕ್ಯಾಬಿನೆಟ್ ಒಳಗೆ ಹಲ್ಲಿ, ಇರುವೆ, ಇಲಿ ಕಡಿದ ವೈರ್. ಫ್ಯಾನ್ ತುಂಬಾ ಧೂಳು. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ರೆ ಎಷ್ಟೋ ಕಂಪ್ಯೂಟರ್‌ಗೆ ಮರುಜನ್ಮ. ಅಂಥ ಕಡೆ "ಹೊಸದು ತಗೊಳ್ಳಿ" ಅನ್ನೋ ಬದಲು "ಇದನ್ನೇ ಸರಿ ಮಾಡಿಕೊಡ್ತೀನಿ" ಅಂದ್ರೆ ಆ ದಿನದ ಲಾಭ ಕಮ್ಮಿ. ಆದ್ರೆ ಆ ಮನೆಯವರು ಬೇರೆ ಅಂಗಡಿ ಹುಡುಕಲ್ಲ.

ಬಂಡವಾಳದ ಪ್ರಶ್ನೆಗೆ ಬರೋಣ. ಮೂರು ಲ್ಯಾಪ್‌ಟಾಪ್‌ಗೆ 33,000, ಸ್ಕ್ರೂಡ್ರೈವರ್ ಸೆಟ್ಟು, ಮಲ್ಟಿಮೀಟರ್, ಬ್ಲೋವರ್, ಸಾಲ್ಡರಿಂಗ್‌ಗೆ 6,000, ಬಿಡಿಭಾಗಕ್ಕೆ 8,000, ಕೈಯಲ್ಲಿ 3,000. ಅಲ್ಲಿಗೆ 50,000. ಅಂಗಡಿ ಅಡ್ವಾನ್ಸ್ ಬೇರೆ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ಶಿಶು ಸಾಲದ ಮಿತಿಯೂ 50,000ವೇ, ಅದಕ್ಕೆ ಅಡಮಾನ ಬೇಡ. ಕಂತು ಮಾತ್ರ ರಿಪೇರಿ ಆದಾಯದಿಂದ ಕಟ್ಟೋ ಹಾಗಿರಲಿ. ಕೆಲಸ ಕಲಿಯೋಕೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ತರಬೇತಿ ಉಚಿತ, ಊಟ-ವಸತಿಯೂ ಇರುತ್ತೆ.

ಕಾಗದ ಪತ್ರ

ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ. ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ಪಂಚಾಯಿತಿ ಲೈಸೆನ್ಸ್ ಮಾಡಿಸಿ. ಜಿಎಸ್‌ಟಿ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಸರಕು ಮಾರೋರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ನಾವು ರಿಪೇರಿ ಅನ್ನೋ ಸೇವೇನೂ ಕೊಡ್ತೀವಲ್ಲ, ಆಗ ಮಿತಿ 20 ಲಕ್ಷ. ನೋಂದಣಿ ಆದ ಮೇಲೆ, ಹಳೇ ವಸ್ತುಗಳಿಗೆ ಮಾರ್ಜಿನ್ ಸ್ಕೀಮ್ ಇದೆ. ಕೊಂಡಾಗ ಇನ್‌ಪುಟ್ ಕ್ರೆಡಿಟ್ ತಗೊಂಡಿಲ್ಲ ಅಂದ್ರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರೋ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು ಗಲಾಟೆ ಆಗಿದ್ದು ನೆನಪಿದೆಯಲ್ಲ? ಮೊದಲ ದಿನದಿಂದಲೇ ಪುಸ್ತಕ ಬರೀರಿ. ಮನೆ ದುಡ್ಡಿಗೂ ಅಂಗಡಿ ದುಡ್ಡಿಗೂ ಬೇರೆ ಬೇರೆ ಖಾತೆ ಇಡಿ.

ಯಾರೋ ಸಂಜೆ ಹೊತ್ತು ಬಂದು, ಚಾರ್ಜರ್ ಇಲ್ಲ, ಪಾಸ್‌ವರ್ಡ್ ಗೊತ್ತಿಲ್ಲ, ಐದು ಸಾವಿರ ಕೊಡಿ ಸಾಕು ಅಂದ್ರೆ, ಕೈ ಮುಗಿದು ಕಳಿಸಿ. ಕದ್ದ ಮಾಲು ಅಂತ ಗೊತ್ತಿದ್ದೂ ತಗೊಳ್ಳೋದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು. ನಾನು ಯಾರಿಂದ ಕೊಂಡರೂ ಗುರುತಿನ ಚೀಟಿಯ ನಕಲು, ಸಹಿ, ಸೀರಿಯಲ್ ನಂಬರ್ ಬರೆದಿಟ್ಕೊಳ್ತೀನಿ. ಗುರುತಿನವರಾದ್ರೂ ಅಷ್ಟೇ.

ಗಿರಾಕಿಯ ಫೋಟೋ, ಗಿರಾಕಿಯ ಮಾನ

ರಿಪೇರಿಗೆ ಬಂದ ಲ್ಯಾಪ್‌ಟಾಪ್‌ನಲ್ಲಿ ಒಂದು ಮನೆಯ ಬದುಕೇ ಇರುತ್ತೆ. ಫೋಟೋ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆ ಚೀಟಿ. ಕೆಲಸಕ್ಕೆ ಬೇಕಿಲ್ಲದ ಫೋಲ್ಡರ್ ತೆರೆಯೋ ಹಾಗಿಲ್ಲ. ಪಾಸ್‌ವರ್ಡ್ ಬೇಕಾದ್ರೆ ಗಿರಾಕಿಯೇ ಎದುರಿಗೆ ಕೂತು ಹಾಕಲಿ. ಬ್ಯಾಕಪ್ ತಗೊಂಡಿದ್ರೆ, ವಾಪಸ್ ಕೊಡುವಾಗ ಅವರ ಕಣ್ಣೆದುರೇ ನಮ್ಮ ಡಿಸ್ಕ್‌ನಿಂದ ಅಳಿಸಿ. ಕಾಲೇಜು ಹುಡುಗೀರು ಲ್ಯಾಪ್‌ಟಾಪ್ ಬಿಟ್ಟು ಹೋಗೋಕೆ ಹಿಂಜರಿಯೋದು ಸುಮ್ಮನೆ ಅಲ್ಲ. ನೀವು ಕೆಲಸಕ್ಕಿಟ್ಕೊಳ್ಳೋ ಹುಡುಗನಿಗೆ ಸಾಲ್ಡರಿಂಗ್ ಕಲಿಸೋ ಮುಂಚೆ ಇದನ್ನ ಕಲಿಸಿ. ಹಳೇ ಡಿಸ್ಕ್ ಮಾರುವಾಗ ಬರೀ ಡಿಲೀಟ್ ಸಾಲದು. ಡಿಸ್ಕ್ ಪೂರ್ತಿ ಅಳಿಸೋ ಸಾಫ್ಟ್‌ವೇರ್ ಓಡಿಸ್ಬೇಕು.

ಕೊನೇದಾಗಿ, ಸತ್ತ ಬೋರ್ಡು, ಊದಿಕೊಂಡ ಬ್ಯಾಟರಿ. ಬ್ಯಾಟರಿ ಚುಚ್ಚಬೇಡಿ, ಬೆಂಕಿ ಹತ್ತುತ್ತೆ. ಗುಜರಿಗೆ ಹಾಕಿದ್ರೆ ತಾಮ್ರಕ್ಕೋಸ್ಕರ ವೈರ್ ಸುಡ್ತಾರೆ, ಆ ಹೊಗೆ ನಮ್ಮ ಕೆರೆ ಅಂಗಳದಲ್ಲೇ ಏಳುತ್ತೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇದು ನೋಂದಾಯಿತ ಮರುಬಳಕೆದಾರರಿಗೆ ಸೇರ್ಬೇಕು. ದೂರವೇನಿಲ್ಲ, ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲೇ ಇ-ಪರಿಸರ ಅನ್ನೋ ಘಟಕ 2005ರಿಂದ ಇದೆ. ಅಕ್ಕಪಕ್ಕದ ಊರಿನ ನಾಲ್ಕು ಅಂಗಡಿಯವರು ಸೇರಿ ಮೂಟೆ ಕಟ್ಟಿಟ್ರೆ, ಒಂದೇ ಗಾಡೀಲಿ ಕಳಿಸಬಹುದು.

ಶುರು ಮಾಡ್ಬೇಕು ಅನ್ನೋರು ಅಂಗಡಿ ಬಾಡಿಗೆ ಹಿಡಿಯೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಕೆಟ್ಟು ಮೂಲೆ ಸೇರಿರೋ ಕಂಪ್ಯೂಟರ್ ಎಷ್ಟಿವೆ ಅಂತ ಮನೆಮನೆಗೆ ಹೋಗಿ ಕೇಳಿ, ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ನಿಮ್ಮ ಮೊದಲ ಹತ್ತು ಗಿರಾಕಿಗಳ ಹೆಸರು ಆ ಪಟ್ಟಿಯಲ್ಲೇ ಇರುತ್ತೆ.